ಹಳ್ಳದ ನೀರಿನ ‘ಪ್ರೋಟೀನ್ ತರಹದ’ ಶಿಖರ: ಕೊಳಚೆಯೇ, ಅಡಿಕೆಯ ಚೊಗರೇ?

ಅಬ್ಬಿನೀರು, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ಸರಿದರೆ ನಮ್ಮ ಕೇರಿ ಸಿಗುತ್ತದೆ. ಹನ್ನೊಂದು ಮನೆಯವರು ಗುಡ್ಡದಿಂದ ಇಳಿಯುವ ಹಳ್ಳದ ನೀರನ್ನೇ ಕುಡಿಯುತ್ತೇವೆ. ಹಿಂದೆ ಅಡಿಕೆ ಮರದ ದಂಬೆಯಲ್ಲಿ ಬರುತ್ತಿದ್ದ ನೀರು ಈಗ ಕಪ್ಪು ಪೈಪಿನಲ್ಲಿ ಬಂದು ತೊಟ್ಟಿಗೆ ಬೀಳುತ್ತದೆ.

ನನ್ನ ಅಣ್ಣನ ಮಗಳು ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ಓದುತ್ತಿದ್ದಾಳೆ. ಕಳೆದ ನವೆಂಬರಿನಲ್ಲಿ ರಜೆಗೆ ಬಂದಾಗ ಹಳ್ಳದ ನೀರನ್ನು ಎರಡು ಕಡೆ ತುಂಬಿಸಿಕೊಂಡು ಹೋದಳು: ಒಂದು ಬಾಟಲಿ ಕಾಡಿನ ಅಂಚಿನದು, ಇನ್ನೊಂದು ನಮ್ಮ ತೊಟ್ಟಿಯ ಬಳಿಯದು. ತನ್ನ ವಿಭಾಗದಲ್ಲಿರುವ, ಪ್ರತಿದೀಪ್ತಿ (ಬೆಳಕು ಹಾಯಿಸಿದಾಗ ನೀರು ಮರಳಿ ಬಿಡುವ ಹೊಳಪು) ಅಳೆಯುವ ಉಪಕರಣದಲ್ಲಿ ಅವೆರಡನ್ನೂ ಪರೀಕ್ಷಿಸಿದಾಗ, ಕಾಡಿನ ಅಂಚಿನ ನೀರಿನಲ್ಲಿ ಇಲ್ಲದ ದೊಡ್ಡದೊಂದು ಶಿಖರ ತೊಟ್ಟಿಯ ನೀರಿನಲ್ಲಿ ಕಾಣಿಸಿತು. ಅದನ್ನು ನೋಡಿದವರೊಬ್ಬರು ‘ಇದು ಪ್ರೋಟೀನ್ ತರಹದ ಶಿಖರ, ಕೊಳಚೆ ಸೇರಿರುವ ಸಾಧ್ಯತೆ ಇದೆ’ ಎಂದು ಹಾಳೆಯ ಕೊನೆಯಲ್ಲಿ ಒಂದು ಸಾಲು ಬರೆದುಕೊಟ್ಟರು.

ಆ ಒಂದು ಸಾಲು ಊರಿನಲ್ಲಿ ದೊಡ್ಡ ಮಾತಾಗಿದೆ. ಹಳ್ಳದ ಮಧ್ಯಭಾಗದಲ್ಲಿ ಒಂದು ಮನೆಯವರು ನಾಲ್ಕು ಕೋಣೆಗಳ ಹೋಂಸ್ಟೇ ನಡೆಸುತ್ತಾರೆ. ಅವರ ಶೌಚದ ಗುಂಡಿಯೇ ಹಳ್ಳಕ್ಕೆ ಒಸರುತ್ತಿದೆ ಎಂದು ಹಲವರು ನಿಶ್ಚಯಿಸಿಬಿಟ್ಟಿದ್ದಾರೆ. ಎರಡು ಮನೆಗಳ ನಡುವೆ ಮಾತುಕತೆ ನಿಂತಿದೆ. ಈ ವಿಧಾನದಿಂದ ಕೊಳಚೆಯನ್ನು ಖಚಿತವಾಗಿ ಗುರುತಿಸಲು ಸಾಧ್ಯವೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಹೊನ್ನೆಲೋಟ, ಶಿವಮೊಗ್ಗ

ನಾನು ಮೂವತ್ತು ವರ್ಷ ರಸಾಯನಶಾಸ್ತ್ರ ಬೋಧಿಸಿ ನಿವೃತ್ತನಾದವನು. ಮೊದಲು ಈ ವಿಧಾನದ ತಳಹದಿಯನ್ನು ಹೇಳುತ್ತೇನೆ, ಏಕೆಂದರೆ ಅದು ತಿಳಿಯದೆ ಆ ಸಾಲಿನ ತೂಕ ಎಷ್ಟೆಂದು ಅಳೆಯಲಾಗದು.

ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಯಾರಾದರೂ ಹೊನ್ನೆ ಮರದ ಲೋಟ ಇಟ್ಟುಕೊಂಡಿದ್ದರೆ, ರಾತ್ರಿ ಅದರಲ್ಲಿ ನೀರು ತುಂಬಿಟ್ಟು ಬೆಳಿಗ್ಗೆ ಗಾಜಿನ ಲೋಟಕ್ಕೆ ಬಗ್ಗಿಸಿ, ಕಪ್ಪು ಬಟ್ಟೆಯ ಮುಂದೆ ಹಿಡಿದು ಓರೆ ಬಿಸಿಲಿನಲ್ಲಿ ನೋಡಿ. ಬೆಳಕಿಗೆ ಅಡ್ಡ ಹಿಡಿದಾಗ ಹಳದಿಗಂದಾಗಿ ಕಾಣುವ ನೀರು ಪಕ್ಕದಿಂದ ನೋಡಿದಾಗ ಅಂಚಿನಲ್ಲಿ ತಿಳಿನೀಲಿಯಾಗಿ ಹೊಳೆಯುತ್ತದೆ. ಹೊನ್ನೆಯ ತಿರುಳಿನಿಂದ ಕರಗಿಬಂದ ವಸ್ತುಗಳು ಬಿಸಿಲಿನ ಅತಿನೇರಳೆ ಕಿರಣವನ್ನು ಹೀರಿಕೊಂಡು, ಅದರಲ್ಲಿ ಸ್ವಲ್ಪ ಶಕ್ತಿಯನ್ನು ಕಳೆದುಕೊಂಡು, ಉಳಿದದ್ದನ್ನು ಹೆಚ್ಚು ತರಂಗಾಂತರದ ನೀಲಿ ಬೆಳಕಾಗಿ ಬಿಡುತ್ತವೆ. ಇದೇ ಪ್ರತಿದೀಪ್ತಿ. ಕ್ವಿನೈನ್ ದ್ರಾವಣದಲ್ಲಿ ಇಂಥದೇ ನೀಲಿ ಹೊಳಪನ್ನು ಕಂಡು, ಹೊರಬರುವ ಬೆಳಕಿನ ತರಂಗಾಂತರ ಒಳಹೋದ ಬೆಳಕಿನದಕ್ಕಿಂತ ಹೆಚ್ಚಿರುತ್ತದೆ ಎಂಬುದನ್ನು ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1852ರಲ್ಲಿ ವಿವರಿಸಿದರು.

ಹಳ್ಳದ ನೀರಿನಲ್ಲಿಯೂ ಹೀಗೆ ಹೊಳೆಯುವ ವಸ್ತುಗಳು ಕರಗಿರುತ್ತವೆ. ಕಾಡಿನ ದರಕು ಕೊಳೆತು ಮಣ್ಣಿನ ಮೂಲಕ ಇಳಿದುಬಂದದ್ದು, ನೀರಿನೊಳಗಿನ ಸೂಕ್ಷ್ಮಜೀವಿಗಳು ಬಿಟ್ಟದ್ದು, ಮನೆಗಳಿಂದ ಹರಿದುಬಂದದ್ದು, ಎಲ್ಲವೂ ಅದರಲ್ಲಿ ಸೇರುತ್ತವೆ. ಇವನ್ನೆಲ್ಲ ಒಟ್ಟಾಗಿ ಕರಗಿದ ಸಾವಯವ ದ್ರವ್ಯ ಎನ್ನುತ್ತೇವೆ. ಉಪಕರಣವು ಒಂದೊಂದೇ ತರಂಗಾಂತರದ ಬೆಳಕನ್ನು ನೀರಿಗೆ ಹಾಯಿಸುತ್ತ, ಪ್ರತಿಯೊಂದಕ್ಕೂ ನೀರು ಯಾವ ಯಾವ ಬೆಳಕನ್ನು ಮರಳಿ ಬಿಡುತ್ತದೆ ಎಂದು ಅಳೆಯುತ್ತದೆ. ಕೊನೆಗೆ ಸಿಗುವುದು ಸರ್ವೆ ನಕ್ಷೆಯ ಹಾಗೆ ಗುಡ್ಡ, ತಗ್ಗುಗಳಿರುವ ಒಂದು ಚಿತ್ರ. ಒಂದು ಅಂಚಿನಲ್ಲಿ ಉದ್ದೀಪನ, ಎಂದರೆ ಒಳಹೋಗುವ ಬೆಳಕು; ಇನ್ನೊಂದರಲ್ಲಿ ಉತ್ಸರ್ಜನ, ಎಂದರೆ ಹೊರಬರುವ ಬೆಳಕು.

ಈ ನಕ್ಷೆಯ ಗುಡ್ಡಗಳಿಗೆ ಸಮುದ್ರವಿಜ್ಞಾನಿ ಪೌಲಾ ಕೋಬಲ್ 1996ರಲ್ಲಿ ಕೊಟ್ಟ ಅಕ್ಷರಗಳನ್ನೇ ಇಂದಿಗೂ ಬಳಸುತ್ತಾರೆ. ಸುಮಾರು 260 ನ್ಯಾನೋಮೀಟರಿನಲ್ಲಿ ಉದ್ದೀಪನಗೊಂಡು 380ರಿಂದ 460ರವರೆಗೆ ಹೊಳೆಯುವುದು ‘ಎ’ ಶಿಖರ. 320ರಿಂದ 360ರ ಬೆಳಕಿಗೆ 420ರಿಂದ 460ರಲ್ಲಿ ಹೊಳೆಯುವುದು ‘ಸಿ’. ಇವೆರಡೂ ಹ್ಯೂಮಿಕ್ ತರಹದವು, ಎಂದರೆ ಕಾಡಿನ ಮಣ್ಣಿನ ಗುರುತುಗಳು. 275ರ ಬೆಳಕಿಗೆ 340ರ ಸುತ್ತ ಹೊಳೆಯುವುದು ‘ಟಿ’, ಅದು ಟ್ರಿಪ್ಟೊಫ್ಯಾನ್ ತರಹದ್ದು. 305–310ರ ಸುತ್ತ ಹೊಳೆಯುವುದು ‘ಬಿ’, ಟೈರೋಸಿನ್ ತರಹದ್ದು. ಟ್ರಿಪ್ಟೊಫ್ಯಾನ್, ಟೈರೋಸಿನ್ ಎರಡೂ ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳು. ಕೊಳಚೆಯಲ್ಲಿ ಪ್ರೋಟೀನ್ ಅಂಶ ಹೆಚ್ಚಿರುವುದರಿಂದ ‘ಟಿ’ ಶಿಖರ ಎತ್ತರವಾಗುತ್ತದೆ ಎಂಬುದು ನಿಜ. ಆದರೆ ‘ತರಹದ’ ಎಂಬ ಪದವನ್ನು ಯಾರೂ ಸುಮ್ಮನೆ ಸೇರಿಸಿದ್ದಲ್ಲ. ಆ ಜಾಗದಲ್ಲಿ ಹೊಳೆಯುವುದೆಲ್ಲ ಪ್ರೋಟೀನೇ ಆಗಿರಬೇಕೆಂದಿಲ್ಲ.

ಕೆಳದಿಬಯಲು

ಇಷ್ಟೊಂದು ಕಷ್ಟವೇಕೆ? ನಮ್ಮ ಮನೆಯಲ್ಲಿರುವ ಟಿ.ಡಿ.ಎಸ್. ಮೀಟರನ್ನು ಅದ್ದಿ ನೋಡಿದರೆ ಕೊಳಚೆ ತಿಳಿಯುವುದಿಲ್ಲವೇ?

ಹೊನ್ನೆಲೋಟ, ಶಿವಮೊಗ್ಗ

ತಿಳಿಯುವುದಿಲ್ಲ. ಆ ಮೀಟರು ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು ಲವಣಗಳ ಅಂದಾಜು ಕೊಡುತ್ತದೆ. ಸಾವಯವ ದ್ರವ್ಯದ ಬಹುಪಾಲು ಅದಕ್ಕೆ ಕಾಣಿಸುವುದೇ ಇಲ್ಲ. ಚಹಾದ ಬಣ್ಣಕ್ಕೆ ತಿರುಗಿದ ಹಳ್ಳದ ನೀರಿಗೂ ಅದು ಬಹಳ ಕಡಿಮೆ ಅಂಕಿ ತೋರಿಸಬಹುದು.

ಜಲರಸಾಯನ

ಅಬ್ಬಿನೀರು ಅವರೇ, ನಾನು ನದಿನೀರಿನ ಸಾವಯವ ದ್ರವ್ಯದ ಮೇಲೆಯೇ ಕೆಲಸ ಮಾಡುತ್ತಿರುವವಳು; ಬೆಳೆದದ್ದು ಕೊಪ್ಪದ ಅಡಿಕೆ ತೋಟದ ಮನೆಯಲ್ಲಿ. ನಿಮ್ಮ ಬರಹದಲ್ಲಿ ‘ನವೆಂಬರ್’ ಎಂಬ ಪದ ನನ್ನನ್ನು ತಡೆದು ನಿಲ್ಲಿಸಿತು. ಆ ದಿನಗಳಲ್ಲಿ ಹಳ್ಳದ ದಂಡೆಯ ಯಾವುದಾದರೂ ಮನೆಯಲ್ಲಿ ಅಡಿಕೆ ಬೇಯಿಸುತ್ತಿದ್ದರೇ?

ಕೇಳಲು ಕಾರಣವಿದೆ. ಮಲೆನಾಡಿನಲ್ಲಿ ಕೆಂಪಡಿಕೆ ಮಾಡುವವರು ಕಾಯಿಯನ್ನು ಎಳೆಯದಾಗಿರುವಾಗಲೇ ಕೊಯ್ದು, ಸುಲಿದು, ಹಂಡೆಯಲ್ಲಿ ಬೇಯಿಸುತ್ತಾರೆ. ಎಳೆಯ ಅಡಿಕೆಯಲ್ಲಿ ಟ್ಯಾನಿನ್ ಹೆಚ್ಚು, ಬಲಿತಂತೆ ಕಡಿಮೆಯಾಗುತ್ತದೆ. ಬೇಯಿಸಿದ ನೀರಿಗೆ ಇಳಿಯುವ ಚೊಗರಿನಲ್ಲಿ ಕೆಟೆಚಿನ್ ಮತ್ತು ಅದರದೇ ಸರಪಳಿಗಳಾದ ಪಾಲಿಫೀನಾಲುಗಳು ತುಂಬಿರುತ್ತವೆ. ಕೆಟೆಚಿನ್ 280 ನ್ಯಾನೋಮೀಟರಿನ ಸುತ್ತಲಿನ ಬೆಳಕನ್ನು ಹೀರಿಕೊಂಡು 310ರಿಂದ 320ರ ಆಸುಪಾಸಿನಲ್ಲಿ ಹೊಳೆಯುತ್ತದೆ. ನಕ್ಷೆಯಲ್ಲಿ ಅದು ‘ಬಿ’ ಮತ್ತು ‘ಟಿ’ ಶಿಖರಗಳ ನಡುವೆಯೇ ಬಂದು ಕೂರುತ್ತದೆ. ಅಡಿಕೆ ಬೆಳೆಯದ ಸೀಮೆಯ ಅನುಭವದಿಂದ ಹುಟ್ಟಿದ ಸೂತ್ರವನ್ನು ನಮ್ಮ ಹಳ್ಳಕ್ಕೆ ಹಾಗೆಯೇ ಹಚ್ಚಿದರೆ, ಹಂಡೆಯ ಚೊಗರು ಶೌಚದ ಗುಂಡಿಯ ಹಾಗೆ ಕಾಣಿಸುವ ಅಪಾಯವಿದೆ. ಸುಲಿದ ಸಿಪ್ಪೆಯನ್ನು ರಸ್ತೆಯ ಪಕ್ಕದಲ್ಲಿ ರಾಶಿ ಹಾಕಿದಾಗ, ಅಕಾಲದ ಮಳೆ ಬಂದರೆ ಅದರಿಂದ ಬಸಿಯುವ ಕಂದುನೀರಿನಲ್ಲಿಯೂ ಇಂಥ ಫೀನಾಲುಗಳಿರುತ್ತವೆ.

ಇನ್ನು ಅಳತೆಯ ವಿಷಯ. ನಿಮ್ಮ ಅಣ್ಣನ ಮಗಳಿಗೆ ಈ ಪ್ರಶ್ನೆಗಳನ್ನು ದಯವಿಟ್ಟು ತಲುಪಿಸಿ. ನೀರನ್ನು 0.45 ಮೈಕ್ರೋಮೀಟರಿನ ಸೋಸುಹಾಳೆಯಲ್ಲಿ ಸೋಸಿದ್ದಳೇ? ಎಷ್ಟು ದಿನ, ಯಾವ ಬಾಟಲಿಯಲ್ಲಿ ಇಟ್ಟಿದ್ದಳು? ಕಂದು ಗಾಜಿನ ಬಾಟಲಿಯಲ್ಲಿ, ಕತ್ತಲೆಯಲ್ಲಿ, 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಹೆಪ್ಪುಗಟ್ಟಿಸಬಾರದು. ತೊಳೆದ ಖನಿಜನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ತಂದು ವಾರಗಟ್ಟಲೆ ಬಿಟ್ಟಿದ್ದರೆ, ಅದರೊಳಗೆ ಬೆಳೆದ ಬ್ಯಾಕ್ಟೀರಿಯಾಗಳೇ ಪ್ರೋಟೀನ್ ತರಹದ ಹೊಳಪನ್ನು ಹುಟ್ಟಿಸಿರಬಹುದು.

ಎರಡನೆಯದು, ಶುದ್ಧ ನೀರಿನ ನಕ್ಷೆಯನ್ನು ಕಳೆದಿದ್ದಳೇ? ಶುದ್ಧ ನೀರೂ ಸುಮ್ಮನಿರುವುದಿಲ್ಲ. ಸರ್ ಸಿ.ವಿ. ರಾಮನ್ 1928ರ ಫೆಬ್ರುವರಿ 28ರಂದು ಕಂಡುಕೊಂಡ ಬೆಳಕಿನ ಚದುರಿಕೆ ಈ ಕೆಲಸದಲ್ಲಿ ಪ್ರತಿದಿನ ಎದುರಾಗುತ್ತದೆ. 350ರ ಬೆಳಕಿಗೆ ನೀರಿನ ರಾಮನ್ ಶಿಖರ 397ರಲ್ಲಿ ಬರುತ್ತದೆ, ಅದರ ವಿಸ್ತಾರವನ್ನೇ ಮಾನವಾಗಿಟ್ಟುಕೊಂಡು ಬೇರೆ ಬೇರೆ ಉಪಕರಣಗಳ ಅಳತೆಯನ್ನು ‘ರಾಮನ್ ಏಕಮಾನ’ದಲ್ಲಿ ಹೋಲಿಸುತ್ತೇವೆ. ಆದರೆ 275ರ ಬೆಳಕಿಗೆ ಅದೇ ಶಿಖರ 303ರ ಸುತ್ತ ಬೀಳುತ್ತದೆ, ಸರಿಯಾಗಿ ಟೈರೋಸಿನ್ ಜಾಗದ ಮೇಲೆ. ಅದನ್ನು ಕಳೆಯದಿದ್ದರೆ ಬಟ್ಟಿಯಿಳಿಸಿದ ನೀರಿಗೂ ‘ಪ್ರೋಟೀನ್’ ಬಂದಂತೆ ತೋರುತ್ತದೆ.

ಮೂರನೆಯದು ಮಲೆನಾಡಿನ ನೀರಿಗೆ ಎಲ್ಲಕ್ಕಿಂತ ಮುಖ್ಯ. ಬಣ್ಣದ ನೀರು ತಾನು ಬಿಟ್ಟ ಬೆಳಕನ್ನು ತಾನೇ ನುಂಗುತ್ತದೆ. ಮೊದಲ ಮಳೆಯ ಹಳ್ಳದ ನೀರನ್ನಾಗಲಿ ಚೊಗರು ಬೆರೆತ ನೀರನ್ನಾಗಲಿ ಹಾಗೆಯೇ ಕ್ಯುವೆಟ್ಟಿಗೆ (ಉಪಕರಣದಲ್ಲಿಡುವ ಪುಟ್ಟ ಪಾರದರ್ಶಕ ಪಾತ್ರೆಗೆ) ಸುರಿದು ಅಳೆದರೆ ಶಿಖರಗಳ ಎತ್ತರವೂ ಸ್ಥಾನವೂ ತಪ್ಪುತ್ತವೆ. 254 ನ್ಯಾನೋಮೀಟರಿನಲ್ಲಿ ಹೀರಿಕೆ ಒಂದು ಸೆಂಟಿಮೀಟರಿಗೆ 0.3ಕ್ಕಿಂತ ಕೆಳಗೆ ಬರುವವರೆಗೆ ನೀರನ್ನು ತೆಳುಮಾಡುವುದು ಸುರಕ್ಷಿತ. ಉಳಿದ ತಪ್ಪನ್ನು ಲೆಕ್ಕದಿಂದ ಸರಿಪಡಿಸಬಹುದು: ಉದ್ದೀಪನ ಮತ್ತು ಉತ್ಸರ್ಜನ ತರಂಗಾಂತರಗಳೆರಡರ ಹೀರಿಕೆಯನ್ನು ಕೂಡಿ, ಅದರ ಅರ್ಧವನ್ನು 10ರ ಘಾತವಾಗಿಸಿ, ಅಳೆದ ತೀವ್ರತೆಯನ್ನು ಅದರಿಂದ ಗುಣಿಸಬೇಕು.

ಅಬ್ಬಿನೀರು, ತೀರ್ಥಹಳ್ಳಿ ತಾಲ್ಲೂಕು

ಮೇಡಂ, ತಾವು ಕೇಳಿದ ಪ್ರಶ್ನೆ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೌದು, ಹಳ್ಳದ ಮೇಲ್ಭಾಗದಲ್ಲಿ ನಮ್ಮ ದಾಯಾದಿಗಳ ಮನೆಯಿದೆ. ನವೆಂಬರಿನಲ್ಲಿ ಅಲ್ಲಿ ಪ್ರತಿ ರಾತ್ರಿ ಹಂಡೆ ಉರಿಯುತ್ತಿತ್ತು. ದಪ್ಪ ಚೊಗರನ್ನು ಅವರು ಇಟ್ಟುಕೊಳ್ಳುತ್ತಾರೆ, ಆದರೆ ಹಂಡೆ ತೊಳೆದ ನೀರು ಕೊಟ್ಟಿಗೆಯ ಹಿಂದಿನ ಕಾದಿಗೆಗೆ ಹೋಗುತ್ತದೆ. ಆ ಕಾದಿಗೆ ಹಳ್ಳಕ್ಕೆ ಸೇರುತ್ತದೆಯೇ ಎಂದು ಇಂದು ಹೋಗಿ ನೋಡಿದೆ. ಸೇರುತ್ತದೆ. ಕಲ್ಲುಗಳ ಮೇಲೆ ಕಂದು ಪೊರೆ ಕಟ್ಟಿದೆ, ಜಂಬಿಟ್ಟಿಗೆ ಕಲ್ಲು ಇರುವಲ್ಲಿ ಕಪ್ಪಾಗಿದೆ.

ಅಣ್ಣನ ಮಗಳು ಹೇಳುವಂತೆ ಸೋಸಿದ್ದಾಳೆ, ಶುದ್ಧ ನೀರಿನ ನಕ್ಷೆಯನ್ನೂ ಕಳೆದಿದ್ದಾಳೆ. ತೆಳುಮಾಡಿರಲಿಲ್ಲ. ಶಿಖರದ ತುದಿ 340ರಲ್ಲಿಲ್ಲ, 320ರ ಸಮೀಪದಲ್ಲಿದೆ ಎನ್ನುತ್ತಾಳೆ.

ಜಲರಸಾಯನ

ಕಪ್ಪಾಗಿರುವುದು ಟ್ಯಾನಿನ್ ಮತ್ತು ಕಬ್ಬಿಣ ಕೂಡಿದ್ದರಿಂದ. ಹಸಿ ಅಡಿಕೆ ಸುಲಿದವರ ಬೆರಳು ಮತ್ತು ಮೆಟ್ಟುಗತ್ತಿಯ ಅಲಗು ಕಪ್ಪಗಾಗುವುದೂ ಇದೇ ಬಗೆಯ ಬದಲಾವಣೆ. ಇದನ್ನು ಅಳತೆಯಲ್ಲಿಯೂ ನೆನಪಿಡಬೇಕು, ಏಕೆಂದರೆ ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಿನಿಂದ ಬರುವ ಕಬ್ಬಿಣವು ಹ್ಯೂಮಿಕ್ ವಸ್ತುಗಳೊಡನೆ ಕೂಡಿಕೊಂಡು ಅವುಗಳ ಹೊಳಪನ್ನು ತಗ್ಗಿಸುತ್ತದೆ. ನೀರಿನ ಉಷ್ಣತೆ ಏರಿದರೂ ಹೊಳಪು ಇಳಿಯುತ್ತದೆ. ಒಂದೊಂದು ಡಿಗ್ರಿಗೆ ಸುಮಾರು ಶೇಕಡಾ 1ರಷ್ಟು ಎಂದು ಲೆಕ್ಕ ಹಿಡಿಯಬಹುದು. ಬಾಟಲಿಯನ್ನು ಶೀತಕದಿಂದ ತೆಗೆದ ಕೂಡಲೇ ಅಳೆಯಬಾರದು, ಎಲ್ಲ ಮಾದರಿಗಳೂ ಒಂದೇ ಉಷ್ಣತೆಗೆ ಬರಬೇಕು.

ವರದಾತೀರ, ಸಾಗರ

ಒಂದು ಆಕ್ಷೇಪವಿದೆ, ಯಾರೂ ಬೇಸರಿಸಬಾರದು. 340 ಅಲ್ಲ, 320 ಎಂದ ಮಾತ್ರಕ್ಕೆ ಹೋಂಸ್ಟೇಯವರನ್ನು ಬಿಟ್ಟುಬಿಡುವುದು ಮೊದಲು ಮಾಡಿದ ತಪ್ಪಿನ ಇನ್ನೊಂದು ರೂಪವೇ ಆಗುತ್ತದೆ. ನಾನು ಜೀವರಸಾಯನದವನು. ಬಿಡಿಯಾದ ಟ್ರಿಪ್ಟೊಫ್ಯಾನ್ ನೀರಿನಲ್ಲಿ 350ರ ಸುತ್ತ ಹೊಳೆಯುತ್ತದೆ ಎಂಬುದು ಸರಿ. ಆದರೆ ಮಡಚಿಕೊಂಡ ಪ್ರೋಟೀನಿನ ಒಳಗೆ, ನೀರು ತಾಗದ ಜಾಗದಲ್ಲಿ ಹುದುಗಿರುವ ಟ್ರಿಪ್ಟೊಫ್ಯಾನ್ 320, 330ರಲ್ಲಿಯೂ ಹೊಳೆಯಬಲ್ಲದು. ಚೊಗರು ಮತ್ತು ಕೊಳಚೆ ಎರಡೂ ಒಟ್ಟಿಗೆ ಇರುವುದೂ ಸಾಧ್ಯ. ಮನೆಮಂದಿ ಕುಡಿಯುವ ನೀರಿನ ಪ್ರಶ್ನೆ ಇದು. ಒಂದು ಶಿಖರದ ಸ್ಥಾನದಿಂದ ಯಾರನ್ನೂ ದೂಷಿಸಬಾರದು, ಯಾರನ್ನೂ ನಿರ್ದೋಷಿ ಎನ್ನಲೂ ಬಾರದು.

ಜಲರಸಾಯನ

ವರದಾತೀರ ಅವರ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಆದ್ದರಿಂದ ನಕ್ಷೆಯನ್ನು ಇನ್ನಷ್ಟು ತಿದ್ದುವುದಕ್ಕಿಂತ, ನೀರನ್ನು ತುಂಬಿಸುವ ಜಾಗವನ್ನು ಸರಿಪಡಿಸುವುದೇ ಮೇಲು. ಕಾಡಿನ ಅಂಚು ಮತ್ತು ತೊಟ್ಟಿ ಎಂಬ ಎರಡೇ ಮಾದರಿಗಳ ನಡುವೆ ಅಡಿಕೆ ಬೇಯಿಸುವ ಮನೆಯೂ ಇದೆ, ಹೋಂಸ್ಟೇಯೂ ಇದೆ. ಅವೆರಡರ ನಡುವೆ ಮೂರನೆಯ ಮಾದರಿಯೊಂದನ್ನು ತೆಗೆಯಿರಿ. ಅಲ್ಲಿಯೇ ಶಿಖರವಿದ್ದರೆ ಅದು ಹೋಂಸ್ಟೇ ದಾಟುವ ಮೊದಲೇ ನೀರಿಗೆ ಸೇರಿದೆ ಎಂದಾಗುತ್ತದೆ.

ಜೊತೆಗೆ ಪ್ರೋಟೀನನ್ನು ನಂಬಿಕೊಳ್ಳದ ಒಂದು ಗುರುತನ್ನು ಹುಡುಕಿ. ಬಟ್ಟೆ ಒಗೆಯುವ ಪುಡಿಗಳಲ್ಲಿ ಬಿಳುಪು ಹೆಚ್ಚಿಸುವ ಪ್ರತಿದೀಪಕ ವಸ್ತುಗಳಿರುತ್ತವೆ. 360ರ ಸುತ್ತಲಿನ ಅತಿನೇರಳೆ ಬೆಳಕಿಗೆ ಅವು ನೀಲಿಯಾಗಿ ಹೊಳೆಯುತ್ತವೆ. ಹೋಂಸ್ಟೇ ಎಂದರೆ ಹಾಸಿಗೆ ಬಟ್ಟೆಗಳ ಒಗೆತ ಇದ್ದೇ ಇರುತ್ತದೆ, ಅದರ ನೀರು ಹಳ್ಳಕ್ಕೆ ಒಸರುತ್ತಿದ್ದರೆ ಈ ವಸ್ತುಗಳು ಸಿಗಬೇಕು. ನಕ್ಷೆಯಲ್ಲಿ ಅವು ಹ್ಯೂಮಿಕ್ ‘ಸಿ’ ಶಿಖರದ ಮೇಲೆಯೇ ಬೀಳುವುದರಿಂದ ಕಾಡಿನ ನೀರಿನಲ್ಲಿ ಬೇರ್ಪಡಿಸುವುದು ಕಷ್ಟ. ಆದರೆ ಬಿಸಿಲು ತಾಗಿಸಿದರೆ ಬಿಳುಪಿನ ವಸ್ತುಗಳ ಹೊಳಪು ಬೇಗ ಕುಸಿಯುತ್ತದೆ, ಹ್ಯೂಮಿಕ್ ಹೊಳಪು ನಿಧಾನವಾಗಿ ಇಳಿಯುತ್ತದೆ.

ಉಪಕರಣವಿಲ್ಲದೆಯೂ ಇದನ್ನು ಮಾಡಬಹುದು. ಕೋರಾ ಬಟ್ಟೆಯ ಅಂಗೈಯಗಲದ ತುಂಡುಗಳನ್ನು ಹಳ್ಳದಲ್ಲಿ ಬೇರೆ ಬೇರೆ ಕಡೆ ಕಲ್ಲಿಗೆ ಕಟ್ಟಿ ಒಂದು ವಾರ ಬಿಡಿ. ಬಿಳುಪಿನ ವಸ್ತುಗಳು ಹತ್ತಿಗೆ ಅಂಟುತ್ತವೆ. ನಂತರ ಬರಿಯ ನೀರಿನಲ್ಲಿ ಜಾಲಿಸಿ, ನೆರಳಿನಲ್ಲಿ ಒಣಗಿಸಿ, ಕತ್ತಲೆ ಕೋಣೆಯಲ್ಲಿ ನೋಟು ಪರೀಕ್ಷಿಸುವ ದೀಪದ ಕೆಳಗೆ ನೋಡಿ. ಬಟ್ಟೆ ಮೊದಲೇ ಹೊಳೆಯುತ್ತಿಲ್ಲವೆಂದು ಕಟ್ಟುವ ಮುನ್ನವೇ ಖಚಿತಪಡಿಸಿಕೊಳ್ಳಬೇಕು. ಚೊಗರಿನ ಕಲೆ ಹೊಳಪನ್ನು ಮುಚ್ಚಬಹುದು, ಆದ್ದರಿಂದ ಹಂಡೆ ಉರಿಯದ ವಾರವನ್ನು ಆರಿಸಿಕೊಳ್ಳಿ.

ಇವೆಲ್ಲದರ ಮೇಲೆ, ಕುಡಿಯಲು ಯೋಗ್ಯವೇ ಎಂಬ ಪ್ರಶ್ನೆಗೆ ಪ್ರತಿದೀಪ್ತಿಯಿಂದ ಉತ್ತರ ಕೇಳಬೇಡಿ. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಮಲದ ಗುರುತಾದ ಇ. ಕೋಲೈ ಬ್ಯಾಕ್ಟೀರಿಯಾ ಪತ್ತೆಯಾಗಲೇಬಾರದು ಎಂಬುದು ಭಾರತೀಯ ಮಾನಕ 10500ರ ನಿಯಮ, ಅದಕ್ಕೆ ಸೂಕ್ಷ್ಮಜೀವಿ ಪರೀಕ್ಷೆಯೇ ಬೇಕು. ಮೊದಲ ಹಂತಕ್ಕೆ ಎಚ್‌ಟುಎಸ್ ಬಾಟಲಿ (ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಇದ್ದರೆ ಕಪ್ಪಾಗುವ ಪರೀಕ್ಷಾ ಬಾಟಲಿ) ಸಾಕು. ಫಲಿತಾಂಶ ಬರುವವರೆಗೆ ನೀರನ್ನು ಕುದಿಸಿಯೇ ಕುಡಿಯಿರಿ.

ನೀರುಗಂಟಿ, ಹೊಸನಗರ ತಾಲ್ಲೂಕು

ನಾನು ಗ್ರಾಮ ಪಂಚಾಯಿತಿಯ ಟ್ಯಾಂಕಿಗೆ ನೀರು ಬಿಡುವ ಕೆಲಸದವನು. ಜೂನ್ ತಿಂಗಳ ಮೊದಲ ಮಳೆಗೆ ನೀರು ಕಂದಾದಾಗ, ಬೇಸಿಗೆಯಲ್ಲಿ ಹಾಕುವಷ್ಟೇ ಬ್ಲೀಚಿಂಗ್ ಪೌಡರ್ ಹಾಕಿದರೆ ಕೊನೆಯ ಮನೆಯ ನಲ್ಲಿಯಲ್ಲಿ ಕ್ಲೋರಿನ್ ಉಳಿದೇ ಇರುವುದಿಲ್ಲ. ಇದಕ್ಕೂ ಇಲ್ಲಿ ಹೇಳುತ್ತಿರುವ ಸಾವಯವ ದ್ರವ್ಯಕ್ಕೂ ಸಂಬಂಧವಿದೆಯೇ?

ಹೊನ್ನೆಲೋಟ, ಶಿವಮೊಗ್ಗ

ನೇರವಾದ ಸಂಬಂಧವಿದೆ, ಮತ್ತು ತಾವು ಗಮನಿಸಿದ್ದು ಬಹಳ ಬೆಲೆಯುಳ್ಳ ಸಂಗತಿ. ಬೇಸಿಗೆಯುದ್ದಕ್ಕೂ ನೆಲದ ಮೇಲೆ ಕೂಡಿಬಿದ್ದ ದರಕಿನ ಸಾರವೆಲ್ಲ ಮೊದಲ ಮಳೆಗಳಲ್ಲಿ ಒಮ್ಮೆಗೇ ಹಳ್ಳಕ್ಕೆ ಇಳಿಯುತ್ತದೆ. ಕ್ಲೋರಿನ್ ರೋಗಾಣುಗಳನ್ನು ತಲುಪುವ ಮೊದಲು ಈ ದ್ರವ್ಯದೊಡನೆ ವರ್ತಿಸಿ ಖರ್ಚಾಗುತ್ತದೆ. ನಲ್ಲಿಯಲ್ಲಿ ಕನಿಷ್ಠ ಲೀಟರಿಗೆ 0.2 ಮಿಲಿಗ್ರಾಂ ಉಳಿಯಬೇಕೆಂಬುದು ನಿಯಮ. ಹೆಚ್ಚು ಹಾಕಿದರೆ ಇನ್ನೊಂದು ತೊಡಕಿದೆ: ಕ್ಲೋರಿನ್ ಮತ್ತು ಹ್ಯೂಮಿಕ್ ವಸ್ತುಗಳು ಸೇರಿ ಕ್ಲೋರೋಫಾರ್ಮಿನಂಥ ಟ್ರೈಹ್ಯಾಲೋಮೀಥೇನುಗಳು ಹುಟ್ಟುತ್ತವೆ ಎಂಬುದು 1970ರ ದಶಕದಲ್ಲಿಯೇ ತಿಳಿದುಬಂದಿದೆ. ಹಾಗೆಂದು ಕ್ಲೋರಿನ್ ನಿಲ್ಲಿಸಬಾರದು. ರೋಗಾಣುಗಳ ಅಪಾಯ ಅದಕ್ಕಿಂತ ಬಹಳ ದೊಡ್ಡದು. ಆಲಂ ಹಾಕಿ ತಿಳಿಯಾಗಿಸಿ, ಮರಳಿನಲ್ಲಿ ಸೋಸಿ, ಸಾವಯವ ದ್ರವ್ಯವನ್ನು ಆದಷ್ಟು ತೆಗೆದ ಮೇಲೆ ಕ್ಲೋರಿನ್ ಹಾಕುವುದು ಸರಿಯಾದ ಕ್ರಮ. ‘ಸಿ’ ಶಿಖರದ ಎತ್ತರವನ್ನು ಮಳೆಗಾಲದುದ್ದಕ್ಕೂ ಅಳೆಯುತ್ತ ಹೋದರೆ, ಯಾವ ದಿನ ಎಷ್ಟು ಕ್ಲೋರಿನ್ ನುಂಗಿಹೋಗುತ್ತದೆ ಎಂಬ ಅಂದಾಜನ್ನು ಮೊದಲೇ ಪಡೆಯಬಹುದು. ಶಿಕ್ಷಕನಾಗಿದ್ದಾಗ ನನ್ನ ವಿದ್ಯಾರ್ಥಿಗಳಿಂದ ಇದನ್ನು ಮಾಡಿಸಲಿಲ್ಲವೆಂಬ ಕೊರಗು ನನಗಿದೆ.

ಅಬ್ಬಿನೀರು, ತೀರ್ಥಹಳ್ಳಿ ತಾಲ್ಲೂಕು

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ತಾವೆಲ್ಲರೂ ಹೇಳಿದಂತೆ ಮಾಡಿದೆವು.

ಮಗಳು ಬಂದು ಮೂರು ಕಡೆ ನೀರು ತೆಗೆದಳು. ಆ ವಾರ ದಾಯಾದಿಗಳ ಮನೆಯಲ್ಲಿ ಕೊನೆಯ ಕೊಯ್ಲಿನ ಅಡಿಕೆ ಬೇಯುತ್ತಿತ್ತು. ಈ ಸಲ ತೆಳುಮಾಡಿ ಅಳೆದಿದ್ದಾಳೆ. ಕಾಡಿನ ಅಂಚಿನಲ್ಲಿ ಹ್ಯೂಮಿಕ್ ಗುಡ್ಡಗಳು ಮಾತ್ರ ಇವೆ. ಅಡಿಕೆ ಮನೆಯ ಕೆಳಗೆ, ಹೋಂಸ್ಟೇಗಿಂತ ಮೇಲೆ ತೆಗೆದ ನೀರಿನಲ್ಲಿ ಆ ಶಿಖರ ಪೂರ್ತಿಯಾಗಿ ಎದ್ದು ನಿಂತಿದೆ. ತೊಟ್ಟಿಯ ಬಳಿ ಅದು ಇನ್ನೂ ಎತ್ತರವಾಗಿಲ್ಲ, ಸ್ವಲ್ಪ ತಗ್ಗಿದೆ. ದಾಯಾದಿಗಳ ಹಂಡೆಯಿಂದ ಒಂದು ಚಮಚ ಚೊಗರು ತಂದು ಬಹಳ ತೆಳುಮಾಡಿ ಅಳೆದಾಗ ಅದೇ ಜಾಗದಲ್ಲಿ ಅದೇ ಆಕಾರದ ಶಿಖರ ಬಂದಿತು.

ಬೇಯಿಸುವುದು ಮುಗಿದ ಮೇಲೆ ಕೋರಾ ಬಟ್ಟೆ ಕಟ್ಟಿದೆವು. ಪೇಟೆಯ ಅಂಗಡಿಯೊಂದರಿಂದ ನೋಟು ನೋಡುವ ದೀಪವನ್ನು ಎರಡು ದಿನಕ್ಕೆ ಕೇಳಿ ತಂದಿದ್ದೆ. ರಾತ್ರಿ ಅಟ್ಟದ ಮೇಲೆ ಕುಳಿತು ಒಂದೊಂದೇ ತುಂಡನ್ನು ದೀಪದಡಿ ಹಿಡಿದೆವು. ಕಾಡಿನ ಅಂಚಿನದು ಮಂಕಾಗಿತ್ತು. ಹೋಂಸ್ಟೇ ಕೆಳಗಿನದೂ ಮಂಕಾಗಿಯೇ ಇತ್ತು. ಹೊಳೆದದ್ದು ನಾಲ್ಕನೆಯದು, ಅದರ ನೀಲಿ ಬೆಳಕು ಮಗಳ ಬೆರಳಿನ ಮೇಲೆ ಬೀಳುವಷ್ಟು. ಅದನ್ನು ಕಟ್ಟಿದ್ದು ನಮ್ಮದೇ ಮನೆಯ ಬಟ್ಟೆ ಒಗೆಯುವ ಕಲ್ಲಿನಿಂದ ಇಪ್ಪತ್ತು ಹೆಜ್ಜೆ ಕೆಳಗೆ, ತೊಟ್ಟಿಗೆ ನೀರು ತಿರುಗುವ ಮೊದಲು. ಕಲ್ಲನ್ನು ಮರುದಿನವೇ ತೊಟ್ಟಿಯ ಕೆಳಭಾಗಕ್ಕೆ ಸಾಗಿಸಿದೆವು.

ಎಚ್‌ಟುಎಸ್ ಬಾಟಲಿಗಳಲ್ಲಿ ಮೂರೂ ಕಪ್ಪಾದವು, ಕಾಡಿನ ಅಂಚಿನದೂ ಸೇರಿದಂತೆ. ಅಲ್ಲಿ ದನಗಳು ಮೇಯುತ್ತವೆ, ಕಾಡುಪ್ರಾಣಿಗಳೂ ನೀರಿಗೆ ಇಳಿಯುತ್ತವೆ. ಹನ್ನೊಂದು ಮನೆಗಳಿಗೂ ಹೋಗಿ ಕುದಿಸಿಯೇ ಕುಡಿಯಬೇಕೆಂದು ಹೇಳಿ ಬಂದಿದ್ದೇನೆ. ಮೊದಲು ಹೋದದ್ದು ಹೋಂಸ್ಟೇ ಮನೆಗೆ, ಮಗಳ ಮೂರು ನಕ್ಷೆಗಳನ್ನೂ ಹಿಡಿದುಕೊಂಡು. ದಾಯಾದಿಗಳು ಹಂಡೆ ತೊಳೆದ ನೀರಿಗೆ ತೋಟದೊಳಗೆ ಒಂದು ಇಂಗುಗುಂಡಿ ತೆಗೆಯಲು ಒಪ್ಪಿದ್ದಾರೆ.

ವರದಾತೀರ, ಸಾಗರ

ಎಚ್‌ಟುಎಸ್ ಬಾಟಲಿ ಮಣ್ಣಿನಲ್ಲಿ ಸಹಜವಾಗಿರುವ ಕೆಲವು ಬ್ಯಾಕ್ಟೀರಿಯಾಗಳಿಂದಲೂ ಕಪ್ಪಾಗಬಹುದು. ಆದ್ದರಿಂದ ತೊಟ್ಟಿಯ ನೀರನ್ನು ಒಮ್ಮೆ ಇ. ಕೋಲೈ ಪರೀಕ್ಷೆಗೆ ಜಿಲ್ಲಾ ಪ್ರಯೋಗಾಲಯಕ್ಕೆ ಕಳುಹಿಸಿ. ಕುದಿಸುವ ಸಲಹೆ ಸರಿಯಾಗಿದೆ.

ಅಬ್ಬಿನೀರು, ತೀರ್ಥಹಳ್ಳಿ ತಾಲ್ಲೂಕು

ಕಳುಹಿಸುತ್ತೇನೆ ಸರ್. ಮಗಳದೊಂದು ಪ್ರಶ್ನೆ ಉಳಿದಿದೆ. ಮುಂದಿನ ಜೂನ್‌ನಲ್ಲಿ ಮೊದಲ ಮಳೆಯ ನೀರನ್ನು ಹಿಡಿಯಬೇಕೆಂದಿದ್ದಾಳೆ, ಆದರೆ ಮಳೆಗಾಲದಲ್ಲಿ ಇಲ್ಲಿಂದ ಶಿವಮೊಗ್ಗಕ್ಕೆ ಬಾಟಲಿ ತಲುಪುವುದು ಕೆಲವೊಮ್ಮೆ ಎರಡು ದಿನ ತಡವಾಗುತ್ತದೆ. ಕರೆಂಟು ಹೋದರೆ ಶೀತಕವೂ ಇಲ್ಲ.

ಜಲರಸಾಯನ

ಹಳ್ಳದ ದಂಡೆಯಲ್ಲಿಯೇ ಸೋಸಲಿ. ಸಿರಿಂಜಿಗೆ ಸಿಕ್ಕಿಸುವ 0.45 ಮೈಕ್ರೋಮೀಟರಿನ ಸೋಸುಬಿಲ್ಲೆ ಜೇಬಿನಲ್ಲಿ ಹಿಡಿಯುತ್ತದೆ. ಮೊದಲು ಶುದ್ಧ ನೀರನ್ನೂ ಆಮೇಲೆ ಹಳ್ಳದ ನೀರನ್ನೂ ಸ್ವಲ್ಪ ಹಾಯಿಸಿ ಚೆಲ್ಲಿ, ಅನಂತರ ಬಂದದ್ದನ್ನು ಕಂದು ಬಾಟಲಿಗೆ ತುಂಬಿಸಬೇಕು. ಹೊಸ ಬಿಲ್ಲೆಯಿಂದಲೇ ಸಾವಯವ ವಸ್ತು ಸ್ವಲ್ಪ ಬಿಟ್ಟುಕೊಳ್ಳುತ್ತದೆ. ಅದೇ ಬಿಲ್ಲೆಯಲ್ಲಿ ಹಾಯಿಸಿದ ಶುದ್ಧ ನೀರಿನ ಒಂದು ಬಾಟಲಿಯನ್ನೂ ಜೊತೆಗೆ ತರಲಿ. ಸೋಸಿದ ನೀರಿನಲ್ಲಿ ಬ್ಯಾಕ್ಟೀರಿಯಾ ಬಹುಮಟ್ಟಿಗೆ ಉಳಿದಿರುವುದಿಲ್ಲವಾದ್ದರಿಂದ, ಎರಡು ದಿನ ಒದ್ದೆ ಗೋಣಿಚೀಲ ಸುತ್ತಿ ಕತ್ತಲೆಯಲ್ಲಿಟ್ಟರೂ ಹ್ಯೂಮಿಕ್ ಶಿಖರಗಳು ಹೆಚ್ಚು ಬದಲಾಗುವುದಿಲ್ಲ. ಬಾಟಲಿಯ ಮೇಲೆ ದಿನಾಂಕದ ಜೊತೆಗೆ, ಆ ದಿನ ಹಳ್ಳದ ಮೇಲ್ಭಾಗದಲ್ಲಿ ಯಾರು ಏನು ಕೆಲಸ ಮಾಡುತ್ತಿದ್ದರು ಎಂಬುದನ್ನೂ ಪೆನ್ಸಿಲಿನಲ್ಲಿ ಬರೆದಿಡಲಿ. ಶಾಯಿ ಮಳೆಗೆ ಅಳಿಸಿಹೋಗುತ್ತದೆ.